ಹಳದಿ ದೀಪದಲ್ಲಿ ಕೆಂಪು ಕಾಣುವುದಿಲ್ಲ

ಭಾನುವಾರ, ಬೆಳಗಿನ ಜಾವ ಐದು ಗಂಟೆ. ವಿಠ್ಠಲವಾಡಿ ಸ್ಟೇಷನ್ನಿನ ಹಿಂದಿರುವ ನಮ್ಮ ಕಟ್ಟಡದ ಎರಡನೆಯ ಮಹಡಿ. ಮನೆಯಲ್ಲಿ ಇರುವವನು ನಾನೊಬ್ಬನೇ. ಅಡುಗೆಮನೆಯ ಕಟ್ಟೆಯ ಮೇಲೆ, ಗೋಡೆಗೆ ಒರಗಿಸಿಟ್ಟ ಒಂದು ಚಿತ್ರವಿದೆ. ಅದರೊಳಗೆ ನಿಂತವನನ್ನೂ ಸೇರಿಸಿದರೆ ನಾವು ಇಬ್ಬರು.

ಮೊದಲು ಹೇಳಬೇಕಾದದ್ದನ್ನು ಮೊದಲೇ ಹೇಳುತ್ತೇನೆ. ಎದುರು ಮನೆಯ ದಿನಕರ ಕಾಣೆಯಾದ ರಾತ್ರಿ ನಾನು ಅವನನ್ನು ಕಂಡಿದ್ದೆ. ಕಂಡಿಲ್ಲ ಎಂದೆ. ಅವನ ಹೆಂಡತಿ ಸುಮತಿ ಬಾಗಿಲಿಗೆ ಬಂದು ಕೇಳಿದಾಗ, ಮಲಗಿದ್ದೆ ಎಂದೆ. ಆ ಸುಳ್ಳಿಗೆ ಈಗ ಹನ್ನೆರಡು ವರ್ಷ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ—ನನ್ನ ಹೆಂಡತಿ ಅದೇ ಬಾಗಿಲಲ್ಲಿ ನಿಂತು ನಿಜ ಹೇಳಿದಳು. ಅವಳಿಗೆ ನೆನಪು ಸರಿಯಿಲ್ಲ ಎಂದು ನಾನು ಹೇಳಿದೆ.

ನನ್ನ ಮಾತನ್ನು ಎಲ್ಲರೂ ಏಕೆ ನಂಬಿದರು ಎಂಬುದನ್ನು ಹೇಳಬೇಕು. ಉಡುಪಿಯಿಂದ ಹುಡುಗನಾಗಿ ಠಾಣೆ ಎಂಬ ಊರಿಗೆ ಬಂದವನು ನಾನು. ನಾಲ್ಕು ರಸ್ತೆ ಕೂಡುವ ನಾಕಾದ ಬಳಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಮ್ಯಾನೇಜರ್ ಆಗಿ ನಿವೃತ್ತನಾದೆ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ರಾತ್ರಿ ಒಂಬತ್ತೂವರೆಗೆ ದೀಪ ಆರಿಸುವುದು. ಹೋಟೆಲಿನ ಹುಡುಗರು ನನ್ನ ಬೆನ್ನ ಹಿಂದೆ ‘ಘಡಿಯಾಳ್ ರಾವ್’, ಗಡಿಯಾರದ ರಾಯ, ಎನ್ನುತ್ತಿದ್ದರು. ಕಟ್ಟಡದಲ್ಲೂ ಆ ಹೆಸರು ಬಂತು. ನನಗೆ ಬೇಸರವಿರಲಿಲ್ಲ—ನಿಜ ಹೇಳಬೇಕೆಂದರೆ, ಹೆಮ್ಮೆಯೇ ಇತ್ತು.

ನಿವೃತ್ತನಾದ ಎರಡನೆಯ ವರ್ಷ ನನ್ನ ಹೆಂಡತಿ ಪದ್ಮಾವತಿಗೆ, ಪದ್ದುವಿಗೆ, ಮರೆವು ಶುರುವಾಯಿತು. ಹಾಲು ಕಾಯಿಸಲು ಇಟ್ಟು ಮರೆಯುವುದು, ಆಮೇಲೆ ಮನೆಯ ದಾರಿಯನ್ನೇ ಮರೆಯುವುದು. ಹಗಲೆಲ್ಲ ನಾನು ಅವಳ ಜೊತೆ ಇರಬೇಕು. ತರಕಾರಿಗೆ, ಔಷಧಿಗೆ ಹೊರಗೆ ಹೋದರೆ ಎದುರು ಮನೆಯ ಸುಮತಿ ಬಂದು ಕೂರುತ್ತಿದ್ದಳು. ನಮ್ಮ ಮನೆಯ ಒಂದು ಕೀಲಿ ಅವಳ ಹತ್ತಿರವೇ ಇತ್ತು. ಅವಳೂ ನಮ್ಮ ಕಡೆಯವಳೇ, ಉಡುಪಿಯ ಹತ್ತಿರದವಳು. ಪದ್ದುವಿಗೆ ತಲೆ ಬಾಚಿ, ಊಟ ಮಾಡಿಸಿ, ಊರಿನ ಸುದ್ದಿ ಮಾತಾಡಿಸುತ್ತಿದ್ದಳು. ಗಂಡ ದಿನಕರ ಘಣಸೋಲಿಯಲ್ಲಿ ಒಂದು ಆಫೀಸಿಗೆ ಹೋಗುತ್ತಿದ್ದ. ಮಾತು ಕಡಿಮೆ. ಮಗಳು ಅನಘಾ ಆಗ ಮೂರನೆಯ ತರಗತಿ.

ರಾತ್ರಿ ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಪದ್ದು ಬೆಳಗಿನವರೆಗೆ ಏಳುವುದಿಲ್ಲ. ಏಳುವುದಿಲ್ಲ ಎಂದು ನಾನು ನಂಬಿದ್ದೆ. ಒಂಬತ್ತೂವರೆಗೆ ದೀಪ ಆರಿಸುತ್ತಿದ್ದೆ. ಕಟ್ಟಡ ಮಲಗುವವರೆಗೆ ಕತ್ತಲಲ್ಲಿ ಕಾಯುತ್ತಿದ್ದೆ. ಆಮೇಲೆ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದೆ.

ಹೋಗುತ್ತಿದ್ದುದು ಚಿತ್ರ ಬರೆಯಲು. ಕೇಳಿದರೆ ನಗು ಬರಬಹುದು. ಹೋಟೆಲಿನಲ್ಲಿ ‘ಇಂದಿನ ವಿಶೇಷ’ದ ಹಲಗೆ ಬರೆಯುತ್ತಿದ್ದವನು ನಾನೇ, ಕುಂಚ ಕೈಗೆ ಹೊಸದಲ್ಲ. ಹಗಲು ಸಮಯವಿಲ್ಲ. ರಾತ್ರಿಯ ರಸ್ತೆ ಒಂದೇ ಕಡೆ ನಿಲ್ಲುತ್ತದೆ, ಯಾರೂ ಅಡ್ಡ ಬರುವುದಿಲ್ಲ, ಯಾರೂ ‘ಎಂತ ಬಿಡಿಸ್ತಿದ್ದೀರಿ’ ಎಂದು ಕೇಳುವುದಿಲ್ಲ. ಹಳಿಯ ಪಕ್ಕ ಕಲ್ಯಾಣದ ಕಡೆಗೆ ಹೋಗುವ ರಸ್ತೆ, ನಾಲೆಯ ಮೇಲಿನ ಚಿಕ್ಕ ಸೇತುವೆ, ಅದರಾಚೆ ಸಾಲು ಕಂಬಗಳು. ಆಗ ಎಲ್ಲ ಕಡೆ ಹಳದಿ ಸೋಡಿಯಂ ದೀಪ. ಆ ಬೆಳಕಿನಲ್ಲಿ ಲೋಕಕ್ಕೆಲ್ಲ ಒಂದೇ ಬಣ್ಣ—ಬೆಳಕು ಬಿದ್ದಲ್ಲಿ ಹಳದಿ, ಬೀಳದಲ್ಲಿ ಕಪ್ಪು, ನಡುವೆ ಇರುವುದೆಲ್ಲ ಕಂದು. ಬಟ್ಟೆಗೆ ಬಣ್ಣ ಹಾಕುವ ಕೆಲಸದವರು ನಾಲೆಗೆ ಬಿಟ್ಟ ನೀರಿನ ನೊರೆ ಹಗಲು ನೀಲಿ. ರಾತ್ರಿ ಅದೂ ಕಂದು. ಪದ್ದುವಿನ ಜೊತೆ ಇಡೀ ದಿನ ಕಳೆದವನಿಗೆ ಆ ಶಿಸ್ತು ಹಿತವಾಗುತ್ತಿತ್ತು.

ಆದರೆ ಆ ಬೆಳಕಿನಲ್ಲಿ ಬಟ್ಟಲಿನ ಬಣ್ಣವೂ ಗುರುತು ಸಿಗುವುದಿಲ್ಲ. ಟಾರ್ಚು ಹಾಕಿದರೆ ಕಣ್ಣು ಕೆಡುತ್ತದೆ. ಅದಕ್ಕೆ ನಾನು ಮಾಡಿಕೊಂಡ ಉಪಾಯ, ಒಗ್ಗರಣೆ ಡಬ್ಬಿ. ಪದ್ದುವಿನ ಹಳೆಯ ಸ್ಟೀಲಿನ ಡಬ್ಬಿ, ಒಳಗೆ ಏಳು ಬಟ್ಟಲು. ಪ್ರತಿ ಬಟ್ಟಲಿಗೆ ಒಂದು ಪೋಸ್ಟರ್ ಬಣ್ಣ, ಪ್ರತಿ ಬಣ್ಣಕ್ಕೆ ಒಂದು ಜಾಗ. ಒಗ್ಗರಣೆ ಹಾಕುವ ಹೆಂಗಸು ಸಾಸಿವೆ ಎಲ್ಲಿದೆ ಎಂದು ನೋಡುತ್ತಾಳೆಯೇ? ಕೈ ತಾನೇ ಹೋಗುತ್ತದೆ. ಹಾಗೆ ನನ್ನ ಕುಂಚವೂ ಹೋಗುತ್ತಿತ್ತು. ಕಣ್ಣು ರಸ್ತೆಯ ಮೇಲೆ, ಕೈ ಡಬ್ಬಿಯಲ್ಲಿ. ಕಂದು ಬಣ್ಣದ ಬಟ್ಟಲು ಎಡಗಡೆಯ ಅಂಚಿನಲ್ಲಿ, ಕೆಂಪು ಅದಕ್ಕೆ ನೇರ ಎದುರು. ಕೆಂಪು ಬೇಕಾಗುತ್ತಿದ್ದುದು ದೂರದ ಸಿಗ್ನಲ್ ದೀಪಕ್ಕೆ ಮಾತ್ರ, ಒಂದು ಚುಕ್ಕೆ.

ಆ ರಾತ್ರಿ ಚಳಿ ಇತ್ತು. ನಾನು ಸೇತುವೆಯ ಈಚೆ ಸ್ಟೂಲು ಹಾಕಿ ಕೂತಿದ್ದೆ. ರಸ್ತೆ ಮುಗಿದಿತ್ತು, ಕಂಬಗಳು ಮುಗಿದಿದ್ದವು. ಚಿತ್ರದಲ್ಲಿ ಏನೋ ಕಡಿಮೆ ಇತ್ತು. ಬದಲಾಪುರದ ಕಡೆ ಹೋಗುವ ಲೋಕಲ್ ಒಂದು ಹೋಯಿತು. ಅದರ ಸದ್ದು ಇಳಿದ ಮೇಲೆ ತಲೆ ಎತ್ತಿದೆ. ಸೇತುವೆಯ ಆಚೆ ಯಾರೋ ಬರುತ್ತಿದ್ದರು. ನಿಧಾನವಾಗಿ, ನನ್ನ ಕಡೆಗೆ. ಎರಡನೆಯ ದೀಪದ ಕೆಳಗೆ ಬಂದಾಗ—ಆ ಜಾಗ ಚಿತ್ರಕ್ಕೆ ಎಷ್ಟು ಸರಿ ಇತ್ತೆಂದರೆ—ನಾನು ಅಂಗೈ ಎತ್ತಿ ತಡೆದೆ.

“ಭಾಯಿ, ಉಧರ್ ಹೀ ರುಕೋ. ಪಾಂಚ್ ಮಿನಿಟ್.”

ಅವನು ನಿಂತ.

ಯಾರು, ಏನು, ಒಂದೂ ಕೇಳಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ‘ಕ್ಯೂಂ?’ ಎನ್ನುತ್ತಿದ್ದರು, ಎರಡು ಬೈಗುಳ ಬಿಡುತ್ತಿದ್ದರು. ಇವನು ಹೇಳಿದಲ್ಲಿ ನಿಂತುಬಿಟ್ಟ. ದೀಪ ನೆತ್ತಿಯ ಮೇಲಿತ್ತು, ಮುಖವೆಲ್ಲ ನೆರಳು. ಎಡಗೈಯಲ್ಲಿ ಚಿಕ್ಕ ಚೀಲ. ಮೈಮೇಲೆ ಕಂದು ಬಣ್ಣದ, ತೋಳು ಚಿಕ್ಕದಾದ ಏನೋ ಬಟ್ಟೆ. ನಾನು ಕಂದು ಬಟ್ಟಲಿಗೆ ಕುಂಚ ಅದ್ದಿ ಬರೆದೆ. ಐದು ನಿಮಿಷ ಎಂದವನು ಎಷ್ಟು ಹೊತ್ತು ನಿಲ್ಲಿಸಿದೆನೋ! ಅವನು ಅಲುಗಲಿಲ್ಲ. ಬೀದಿನಾಯಿಗಳು ಅವನ ಸುತ್ತ ಒಂದು ಸುತ್ತು ಹಾಕಿ ಬೊಗಳದೆ ಹೋದವು—ನಾಯಿಗೂ ಅವನು ಪರಿಚಿತ ಎಂದು ನನಗೆ ಆಗ ಹೊಳೆಯಲಿಲ್ಲ. ಒಮ್ಮೆ ಮಾತ್ರ ಒಂದು ಹೆಜ್ಜೆ ಮುಂದಿಟ್ಟ. ನಾನು ತಲೆ ಎತ್ತದೆಯೇ ಮತ್ತೆ ಅಂಗೈ ತೋರಿಸಿದೆ. ಹೆಜ್ಜೆ ಹಿಂದಕ್ಕೆ ಹೋಯಿತು.

ಕುಂಚ ತೊಳೆಯಲು ಬಗ್ಗಿದೆ. ಎದ್ದಾಗ ದೀಪದ ಕೆಳಗೆ ಯಾರೂ ಇರಲಿಲ್ಲ. ನನ್ನ ಪಕ್ಕದಿಂದ ದಾಟಿ ಹೋಗಲಿಲ್ಲ ಎಂಬುದು ಖಚಿತ. ಬಂದ ದಾರಿಯಲ್ಲೇ ಹಿಂದಿರುಗಿರಬೇಕು. ಹೆಜ್ಜೆಯ ಸದ್ದೂ ಕೇಳಲಿಲ್ಲ.

ಮನೆಗೆ ಬಂದು, ಬೀಗ ತೆಗೆದು, ಚಿತ್ರದ ಹಿಂದೆ ತಾರೀಖು, ವೇಳೆ ಬರೆದೆ. ಅದು ನನ್ನ ಅಭ್ಯಾಸ. ಕಿಟಕಿಯ ಕೆಳಗೆ, ನೆಲದ ಮೇಲೆ ಒರಗಿಸಿಟ್ಟು ಮಲಗಿದೆ.

ಬೆಳಿಗ್ಗೆ ಎದ್ದು ಹಾಲು ಇಟ್ಟೆ. ಬೆಳಕು ಬಂದಾಗ ಚಿತ್ರದ ಕಡೆ ತಿರುಗಿದೆ. ತಿರುಗಿದವನು ಹಾಗೇ ನಿಂತೆ. ದೀಪದ ಕೆಳಗೆ ನಿಂತವನ ಮೈಮೇಲೆ ಕೆಂಪು ಬಟ್ಟೆ ಇತ್ತು. ಕಂದು ಅಲ್ಲ—ಕಡು ಕೆಂಪು. ಹಿಂದಿನ ಸಿಗ್ನಲ್ ದೀಪ ಕೆಂಪಾಗಿರಬೇಕಿತ್ತು, ಅದು ಕಂದಾಗಿತ್ತು. ಡಬ್ಬಿ ತೆರೆದೆ. ಕೆಂಪು ಮತ್ತು ಕಂದು ಬಟ್ಟಲುಗಳು ಅದಲುಬದಲಾಗಿದ್ದವು. ಎಲ್ಲ ಬಟ್ಟಲುಗಳ ಅಂಚನ್ನೂ ಯಾರೋ ಚೊಕ್ಕವಾಗಿ ಒರೆಸಿದ್ದರು. ಪದ್ದು ಅದನ್ನು ತನ್ನ ಒಗ್ಗರಣೆ ಡಬ್ಬಿ ಎಂದುಕೊಂಡು ಸರಿಮಾಡಿಟ್ಟಿದ್ದಳು. ಕೆಂಪನ್ನು ಮೆಣಸಿನ ಹುಡಿಯ ಜಾಗಕ್ಕೆ, ಕಂದನ್ನು ಕೊತ್ತಂಬರಿ ಹುಡಿಯ ಜಾಗಕ್ಕೆ. ಲೋಕದಲ್ಲಿ ಎಲ್ಲ ಮರೆತವಳಿಗೆ ಅದು ನೆನಪಿತ್ತು.

ಹಾಗಾದರೆ ಚಿತ್ರದಲ್ಲಿರುವುದು ತಪ್ಪು ಬಣ್ಣ, ಅಷ್ಟೇ—ಎಂದುಕೊಂಡೆ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

ಸುಮತಿ. ರಾತ್ರಿಯ ಸೀರೆಯಲ್ಲೇ ಇದ್ದಳು.

“ರಾಯರೇ, ಇವ್ರು ರಾತ್ರೆ ಬರ್ಲೇ ಇಲ್ಲ. ಫೋನ್ ಸ್ವಿಚ್ ಆಫ್. ಯಾರನ್ನು ಕೇಳುದು, ಎಂತ ಮಾಡುದು ಗೊತ್ತಾಗುದಿಲ್ಲ.”

“ಆಫೀಸಿನಲ್ಲಿ ಕೆಲಸ ಉಳಿದಿರಬಹುದು,” ಎಂದೆ. ಆಮೇಲೆ ಯಾಕೋ ಕೇಳಿದೆ: “ಹೋಗುವಾಗ ಎಂತ ಹಾಕಿಕೊಂಡಿದ್ದ?”

“ನಾನು ಹೆಣೆದ ಸ್ವೆಟರ್. ಅರ್ಧ ತೋಳಿನದ್ದು. ಕೆಂಪು.”

ಚಿತ್ರ ನನ್ನ ಹಿಂದೆ, ಕಿಟಕಿಯ ಬಳಿ ಇತ್ತು. ನಾನು ಒಂದು ಹೆಜ್ಜೆ ಹಿಂದೆ ಸರಿದು ಹಿಮ್ಮಡಿಯಿಂದ ಅದನ್ನು ಮುಖ ಕೆಳಗಾಗಿ ಬೀಳಿಸಿದೆ. ಯಾರೂ ಕಲಿಸದೆ ಕಾಲಿಗೆ ಅದು ಗೊತ್ತಿತ್ತು.

“ನೀವು ರಾತ್ರೆ ಎಂತಾದ್ರೂ ಕಂಡಿರಾ? ಮೆಟ್ಟಿಲಲ್ಲಿ ಸದ್ದು, ಎಂತಾದ್ರೂ?”

“ನಾನು ಒಂಬತ್ತೂವರೆಗೆ ಮಲಗಿದವನು. ನನಗೆಂತ ಗೊತ್ತು?”

ಪದ್ದು ಯಾವಾಗ ಎದ್ದು ಬಂದಳೋ. ನನ್ನ ಪಕ್ಕದಲ್ಲೇ ನಿಂತು ಬಹಳ ಸ್ಪಷ್ಟವಾಗಿ, ಹಿಂದಿನ ಕಾಲದ ಸ್ವರದಲ್ಲಿ ಹೇಳಿದಳು:

“ಸುಳ್ಳು. ಇವ್ರು ರಾತ್ರೆ ಮನೆಯಲ್ಲಿ ಇರುದಿಲ್ಲ. ಬೀಗ ಹಾಕಿ ಹೋಗ್ತಾರೆ. ನಾನು ಎಷ್ಟು ತಟ್ಟಿದೆ!”

ನಾನು ಸುಮತಿಯ ಮುಖ ನೋಡಿದೆ. ಈಗ ಹೇಳಬಹುದಿತ್ತು. ಆದರೆ ಹೇಳಿದರೆ—ಮರೆವಿನ ಹೆಂಡತಿಯನ್ನು ಒಳಗೆ ಕೂಡಿಹಾಕಿ, ಅವಳು ಬಾಗಿಲು ತಟ್ಟುವಾಗ ರಸ್ತೆಯಲ್ಲಿ ಕೂತು ಬಣ್ಣ ಬಳಿಯುವವನು ಘಡಿಯಾಳ್ ರಾವ್ ಎಂದು ಕಟ್ಟಡಕ್ಕೆಲ್ಲ ಗೊತ್ತಾಗುತ್ತದೆ.

“ಅವಳಿಗೆ ನೆನಪು ಸರಿಯಿಲ್ಲ,” ಎಂದೆ. “ನಿನಗೆ ಗೊತ್ತಲ್ಲ.”

ಸುಮತಿ ತನ್ನ ಅಷ್ಟು ಸಂಕಟದಲ್ಲೂ ಪದ್ದುವಿನ ಕೂದಲು ಸವರಿದಳು. “ಹೌದು ಪದ್ದಕ್ಕ. ರಾಯರಿಗೆ ನಾವು ಆಮೇಲೆ ಬೈಯುವ, ಆಯ್ತಾ?”

ಸಂಜೆ ಪೊಲೀಸರೊಬ್ಬರು ಬಂದರು. ನನ್ನ ಬಾಗಿಲಲ್ಲಿ ನಿಲ್ಲುವ ಮೊದಲೇ ಸೊಸೈಟಿಯ ಸೆಕ್ರೆಟರಿ ಮರಾಠಿಯಲ್ಲಿ ನಕ್ಕರು. “ಸಾಹೇಬ್, ಕಾಕಾಂನಾ ಕಾಯ್ ವಿಚಾರತಾ? ಸಾಡೇನವಲಾ ಝೋಪತಾತ್. ಹವಂ ತರ್ ಘಡ್ಯಾಳ್ ಲಾವೂನ್ ಘ್ಯಾ.” ಒಂಬತ್ತೂವರೆಗೆ ಮಲಗುವವರನ್ನು ಏನು ಕೇಳುತ್ತೀರಿ, ಬೇಕಿದ್ದರೆ ಗಡಿಯಾರ ಸರಿಮಾಡಿಕೊಳ್ಳಿ ಎಂದು. ಪೊಲೀಸರೂ ನಕ್ಕು ಮುಂದಿನ ಬಾಗಿಲಿಗೆ ಹೋದರು. ನನ್ನ ಒಳ್ಳೆಯ ಅಭ್ಯಾಸವೇ ನನ್ನ ಪರವಾಗಿ ಸಾಕ್ಷಿ ಹೇಳಿತು.

ಆ ರಾತ್ರಿ ನಾನು ಎಲ್ಲಿಗೂ ಹೋಗಲಿಲ್ಲ. ಅಡುಗೆಮನೆಯಲ್ಲಿ ಕೂತು, ಕಪ್ಪು ಮತ್ತು ಹಳದಿ ಕಲಸಿ, ದಿನಕರನ ಮೇಲೆ ರಸ್ತೆ ಬಳಿದೆ. ಮೊದಲು ಕಾಲು. ಆಮೇಲೆ ಚೀಲ. ಸ್ವೆಟರ್ ಮುಚ್ಚಲು ಮೂರು ಸಲ ಬಳಿಯಬೇಕಾಯಿತು. ಕೊನೆಗೆ ಮುಖದ ನೆರಳು. ಖಾಲಿ ರಸ್ತೆ ಚೆನ್ನಾಗಿಯೇ ಬಂತು. ಹಿಂಬದಿಯ ತಾರೀಖಿನ ಮೇಲೆ ಕಂದು ಕಾಗದ ಅಂಟಿಸಿದೆ.

ನಾನು ಬಾಯಿ ಬಿಟ್ಟಿದ್ದರೆ ಅವತ್ತೇ ಕಲ್ಯಾಣದ ರಸ್ತೆಯಲ್ಲಿ, ಹಳಿಯಲ್ಲಿ, ನಾಲೆಯಲ್ಲಿ ಹುಡುಕುತ್ತಿದ್ದರು. ಬಾಯಿ ಬಿಡಲಿಲ್ಲ. ಆದ್ದರಿಂದ ಎಲ್ಲರೂ ಘಣಸೋಲಿಯಲ್ಲಿ ಹುಡುಕಿದರು. ಅಲ್ಲಿಗೆ ಹೋದ ಮೇಲೆ ತಿಳಿಯಿತು, ಆಫೀಸು ಮುಚ್ಚಿ ಎರಡು ತಿಂಗಳಾಗಿತ್ತು ಎಂದು. ಎರಡು ತಿಂಗಳು ದಿನಕರ ಬೆಳಿಗ್ಗೆ ಸುಮತಿ ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೋಗಿ, ಎಲ್ಲೋ ಕೂತು, ಖಾಲಿ ಡಬ್ಬಿ ಹಿಡಿದು ಬರುತ್ತಿದ್ದ. ಮನೆಯಲ್ಲಿ ಹೇಳಿರಲಿಲ್ಲ. ಯಾರಿಗಾದರೂ ಹೇಳಬೇಕೆಂದು ಅನಿಸಿತ್ತೋ ಏನೋ. ಆ ರಾತ್ರಿ ದೀಪದ ಕೆಳಗೆ ಕೂತ ನನ್ನ ಮುಖ ಅವನಿಗೆ ಕಾಣುತ್ತಿತ್ತು. ನನಗೆ ಅವನ ಮುಖ ಕಾಣಲಿಲ್ಲ. ಅವನು ನನ್ನ ಕಡೆಗೇ ಬರುತ್ತಿದ್ದ—

ಆ ಅಂಗೈ.

ಸುಮತಿ ಪ್ರತಿ ತಿಂಗಳು ಒಂದು ದಿನ ಘಣಸೋಲಿಗೆ ಹೋಗತೊಡಗಿದಳು. ಠಾಣೆ ಊರಿನಲ್ಲಿ ರೈಲು ಇಳಿದು, ವಾಶಿಯ ಲೋಕಲ್ ಹಿಡಿದು. ಮೊದಲ ವರ್ಷ ಕೆಲವು ಸಲ ನಾನೂ ಹೋದೆ. ಹಳೆಯ ಊರಿನ ಗಲ್ಲಿಗಳು ಯಾವುವು, ಹೊಸ ಸೆಕ್ಟರುಗಳು ಯಾವುವು, ಎಲ್ಲಿಂದ ಶುರುಮಾಡಿ ಎಲ್ಲಿ ಮುಗಿಸಬೇಕು ಎಂದು ಕ್ರಮ ಹಾಕಿಕೊಟ್ಟವನು ನಾನೇ. ಬಿಸಿಲಿನಲ್ಲಿ ಅವಳ ಹಿಂದೆ ನೀರಿನ ಬಾಟಲಿ ಹಿಡಿದು ನಡೆದೆ. ಚಹಾದ ಗಾಡಿಯವನು ಫೋಟೋ ನೋಡಿ, “ಮಿಲ್ ಜಾಯೇಗಾ ಆಂಟಿ, ಟೆನ್ಶನ್ ಮತ್ ಲೋ,” ಎನ್ನುತ್ತಿದ್ದ. ಅವಳು ನನ್ನ ಕಡೆ ತಿರುಗಿ, “ಸಿಗ್ತಾರಂತೆ, ಕೇಳಿದ್ರಾ ರಾಯರೇ?” ಎನ್ನುತ್ತಿದ್ದಳು. ಕೇಳಿದೆ ಎನ್ನುತ್ತಿದ್ದೆ. ಅವನು ಇರಲು ಸಾಧ್ಯವೇ ಇಲ್ಲದ ಊರಿನಲ್ಲಿ ಅವನನ್ನು ಅಷ್ಟು ಅಚ್ಚುಕಟ್ಟಾಗಿ ಹುಡುಕಿದವನು ನನ್ನ ಹಾಗೆ ಇನ್ನೊಬ್ಬನಿರಲಾರ.

ಪದ್ದು ಇನ್ನು ಮೂರು ವರ್ಷ ಬದುಕಿದಳು. ನಾನು ರಾತ್ರಿ ಹೊರಗೆ ಹೋಗುವುದನ್ನು ಬಿಟ್ಟಿದ್ದೆ. ಆದರೂ ಮಲಗುವ ಹೊತ್ತಿಗೆ ದಿನಾ ಒಂದೇ ಮಾತು: “ಬೀಗ ಹಾಕ್ಬೇಡಿ.” ಚಿತ್ರ ಅಲಮಾರಿಯ ಪಕ್ಕದಲ್ಲಿತ್ತು. ಕೆಲವೊಮ್ಮೆ ಅದರ ಮುಂದೆ ಹೋಗಿ ನಿಲ್ಲುತ್ತಿದ್ದಳು. ಒಂದು ಸಂಜೆ ನನ್ನನ್ನು ಕರೆದು ಬೈದಳು: “ಪಾಪ, ಎಷ್ಟು ಹೊತ್ತಾಯ್ತು ಇವ ನಿಂತುಕೊಂಡು. ಕೂತ್ಕೊಳ್ಳಿಕ್ಕಾದ್ರೂ ಹೇಳಬಾರ್ದಾ?” ನನ್ನ ಕಣ್ಣಿಗೆ ರಸ್ತೆ ಖಾಲಿಯಾಗಿತ್ತು. ನಾನು ಬಳಿಯುವ ಮೊದಲು ಅವಳು ಅದನ್ನು ನೋಡಿದ್ದಳೋ, ಇಲ್ಲವೋ—ಕೇಳುವ ಧೈರ್ಯ ಬರಲಿಲ್ಲ. ಕೇಳಿದರೆ ಅವಳು ನಿಜ ಹೇಳುತ್ತಿದ್ದಳು.

ಅವಳು ಹೋದ ಮೇಲೆ, ಒಂಟಿ ಮುದುಕನ ಹೊತ್ತು ಕಳೆಯುವ ಕೆಲಸ ಎಂದು ಹೇಳಿಕೊಂಡು ಚಿತ್ರಗಳನ್ನು ಹೊರಗಿಟ್ಟೆ. ಎಲ್ಲರೂ ಹೊಗಳಿದರು. ಸುಮತಿ ಒಂದೊಂದೇ ನೋಡುತ್ತ ಬಂದು, ಅದರ ಮುಂದೆ ನಿಂತಳು.

“ಇದು ನನಗೆ ಕೊಡ್ತೀರಾ ರಾಯರೇ? ಯಾರೂ ಇಲ್ಲದ ರಸ್ತೆ. ನೋಡ್ತಾ ಇದ್ರೆ ಯಾರೋ ಬರ್ತಾರೆ ಅಂತ ಕಾಣ್ತದೆ.”

ಕೊಡುವುದಿಲ್ಲ ಎನ್ನಲು ಕಾರಣ ಬೇಕು. ನನ್ನ ಹತ್ತಿರ ಇದ್ದ ಕಾರಣ ಒಂದೇ. ಕೊಟ್ಟೆ. ಅವಳು ಅದಕ್ಕೆ ಗಾಜು ಹಾಕಿಸಿ ಹಾಲಿನಲ್ಲಿ, ಊಟಕ್ಕೆ ಕೂರುವ ಜಾಗದ ಎದುರು ತೂಗುಹಾಕಿದಳು. ಅಷ್ಟು ವರ್ಷ ತಾಯಿ ಮಗಳು ಅವನ ಎದುರು ಊಟ ಮಾಡಿದರು.

ಪೋಸ್ಟರ್ ಬಣ್ಣದ ಕೆಂಪಿಗೆ ಒಂದು ಗುಣವಿದೆ. ಅದರ ಮೇಲೆ ಏನೇ ಬಳಿಯಿರಿ, ತೇವ ಸಿಕ್ಕರೆ ಅದು ಮೇಲೆ ಬರುತ್ತದೆ. ಹೋಟೆಲಿನ ಹಲಗೆಯಲ್ಲೇ ಇದನ್ನು ನೋಡಿದ್ದೆ, ನೆನಪಾಗಬೇಕಾದಾಗ ನೆನಪಾಗಲಿಲ್ಲ. ಸುಮತಿಯ ಆ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ. ಮೊದಲ ಮಳೆಗಾಲ ಎರಡನೆಯ ದೀಪದ ಕೆಳಗೆ ಒಂದು ಸಣ್ಣ ಮಬ್ಬು. ಮುಂದಿನ ವರ್ಷ ಮಬ್ಬಿಗೆ ಭುಜ ಬಂತು. ಪ್ರತಿ ಮಳೆಗಾಲ ನಾನು ಚಹಾಕ್ಕೆ ಹೋಗಿ ಕೂತು, ಕಪ್ಪಿನ ಅಂಚಿನಿಂದ ನೋಡುತ್ತಿದ್ದೆ. ಅವನು ಅವಸರ ಮಾಡುತ್ತಿರಲಿಲ್ಲ. ನಾನು ನಿಲ್ಲು ಎಂದ ಜಾಗದಲ್ಲೇ ನಿಂತು, ಸ್ವಲ್ಪ ಸ್ವಲ್ಪವಾಗಿ ಬರುತ್ತಿದ್ದ.

ಈ ಸಲ ಅನಘಾ ನೋಡಿದಳು. ಅವಳಿಗೀಗ ಕೆಲಸ ಸಿಕ್ಕಿದೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲೇ ಉತ್ತರ ಕೊಡುವುದು.

“ಅಜ್ಜಾ, ಇಸ್ ಮೇಂ ಕೋಯೀ ಖಡಾ ಹೈ ಕ್ಯಾ?” ಇದರಲ್ಲಿ ಯಾರಾದರೂ ನಿಂತಿದ್ದಾರಾ ಎಂದು.

“ಫಂಗಸ್ ಮಾರಾಯ್ತಿ,” ಎಂದಳು ಸುಮತಿ ಒಳಗಿನಿಂದ. “ಎಷ್ಟು ಸಲ ಹೇಳುದು ಸೆಕ್ರೆಟರಿಗೆ, ಗೋಡೆ ಲೀಕೇಜ್ ಉಂಟು ಅಂತ.”

“ನಹೀ ಮಮ್ಮಿ. ಆದ್ಮೀ ಹೈ. ದೇಖೋ ನಾ, ಹಾಥ್ ಭೀ ಹೈ.” ಮನುಷ್ಯನೇ, ನೋಡು, ಕೈಯೂ ಇದೆ ಎಂದು.

ಸರಿಮಾಡಿ ಕೊಡುತ್ತೇನೆ ಎಂದು ಚಿತ್ರವನ್ನು ಮನೆಗೆ ತಂದೆ. ಮತ್ತೆ ಬಳಿಯುವ ಯೋಚನೆಯೇ ಇದ್ದದ್ದು. ಅದು ನಿನ್ನೆ ಬೆಳಿಗ್ಗೆ.

ನಿನ್ನೆ ಸಂಜೆ ಡೊಂಬಿವಲಿಯಿಂದ ಪುರೋಹಿತರು ಬಂದರು. ಹನ್ನೆರಡು ವರ್ಷ ಸುದ್ದಿ ಇಲ್ಲದವರಿಗೆ ದರ್ಭೆಯಲ್ಲಿ ಪ್ರತಿಕೃತಿ ಮಾಡಿ ಉತ್ತರಕ್ರಿಯೆ ಮಾಡುವ ಕ್ರಮ ನಮ್ಮಲ್ಲಿದೆ. ಸುಮತಿ ಬಹಳ ಯೋಚಿಸಿ ಒಪ್ಪಿದ್ದಳು. ಹಿರಿಯನೆಂದು ನನ್ನನ್ನು ಕರೆದು ಕೂರಿಸಿದ್ದಳು. ಪುರೋಹಿತರು ವಿವರ ಕೇಳುತ್ತ ಹೋದರು—ಗೋತ್ರ, ನಕ್ಷತ್ರ. ಆಮೇಲೆ,

“ಕೊನೆಗೆ ಕಂಡವರು ಯಾರಮ್ಮ? ಯಾವ ದಿಕ್ಕಿಗೆ ಹೋದದ್ದು? ಅದು ಸರಿಯಾಗಿ ಗೊತ್ತಾಗ್ಬೇಕು.”

“ನಾನೇ,” ಎಂದಳು ಸುಮತಿ. “ಬೆಳಿಗ್ಗೆ, ಈ ಬಾಗಿಲಲ್ಲಿ. ಡಬ್ಬಿ ಕೊಟ್ಟೆ. ಸ್ಟೇಷನ್ನಿನ ಕಡೆ ಹೋದ್ರು. ಮನೆಗೆ ಬರ್ಲಿಕ್ಕೆ ಆಗುವ ಹಾಗಿದ್ರೆ ಅವ್ರು ಬರ್ತಿದ್ರು. ಅಲ್ಲೇ ಎಂತದೋ ಆಯ್ತು. ಈ ಕಡೆಗೆ ಬರ್ಲೇ ಇಲ್ಲ.”

ಪುರೋಹಿತರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಇದು ಕೊನೆಯ ಸುಳ್ಳು, ನಿನ್ನೆಯದು. ಹಳೆಯದಕ್ಕೆ ಭಯ ಎನ್ನಬಹುದು. ಇದಕ್ಕೆ ಏನು ಹೆಸರಿಡಲಿ?

ರಾತ್ರಿ ಕುಂಚ, ಕಪ್ಪು, ಹಳದಿ ಎಲ್ಲ ತೆಗೆದಿಟ್ಟೆ. ಗಾಜು ಬಿಚ್ಚಿದೆ. ಬಳಿಯಲು ಕೈ ಎತ್ತಿದಾಗ ಕಂಡದ್ದು ನನ್ನ ಅಂಗೈ. ಕುಂಚ ಹಿಡಿದಿರಲಿಲ್ಲ, ಆ ರಾತ್ರಿಯ ಹಾಗೆ ಅವನನ್ನು ತಡೆಯುತ್ತಿತ್ತು. ಕೈ ಇಳಿಸಿದೆ; ಬಳಿಯದ ಚಿತ್ರವನ್ನು ಗೋಡೆಗೆ ಒರಗಿಸಿ, ಸುಮತಿ ಬಾಗಿಲು ತೆರೆಯುವುದನ್ನು ಕಾಯುತ್ತ ಕೂತಿದ್ದೇನೆ.